ಒಂಬತ್ತನೆಯ ಬಿಲ್ಲೆ

ಶಿರಸಿಯಲ್ಲಿ ನಾಗಪತಿ ಗುಡಿಗಾರನ ಕೈಯನ್ನು ಹೊಗಳದವರಿರಲಿಲ್ಲ, ಬಾಯನ್ನು ಬೈಯದವರೂ ಇರಲಿಲ್ಲ. ಹೆಬ್ಬೆರಳಿನಷ್ಟು ಗಂಧದ ತುಂಡಿನಲ್ಲಿ ಗಣಪತಿಯನ್ನು ಕೆತ್ತಿ ಸೊಂಡಿಲಿನ ಸುಕ್ಕನ್ನೂ ಕಾಣಿಸುತ್ತಿದ್ದ ಮನುಷ್ಯ, ಕೊಳ್ಳಲು ಬಂದವರು "ಸ್ವಲ್ಪ ಪಾಲಿಶ್ ಹೆಚ್ಚಿಗೆ ಹಾಕಿ ಕೊಡ್ತೀರಾ" ಎಂದು ಕೇಳಿದ್ದೇ ತಡ, "ಪೇಟೆಯಲ್ಲಿ ಪ್ಲಾಸ್ಟಿಕ್ಕಿಂದು ಸಿಕ್ತದೆ, ಫಳಫಳ ಅಂತದೆ, ಅದನ್ನೇ ತಗಳಿ" ಎಂದು ಬಾಗಿಲು ತೋರಿಸುತ್ತಿದ್ದ. ಐವತ್ತೈದು ದಾಟಿದರೂ ಈ ಗುಣ ಹೋಗಿರಲಿಲ್ಲ. ಹೋಗಲು ಅವನು ಬಿಟ್ಟಿರಲೂ ಇಲ್ಲ.

ತೊಂಬತ್ತರ ದಶಕ ಅರ್ಧ ಮುಗಿಯುವಷ್ಟರಲ್ಲಿ ಗಂಧವೇ ಸಿಗದಾಯಿತು. ಕೇರಿಯ ಗುಡಿಗಾರರಲ್ಲಿ ಕೆಲವರು ಶಿವಣೆ ಮರಕ್ಕೆ ಇಳಿದರು, ಕೆಲವರು ಬಾಗಿಲು ಕಿಟಕಿಗೆ ಇಳಿದರು. ನಾಗಪತಿ ಇಳಿಯುವ ಪೈಕಿಯಲ್ಲ. ಅವನಿಗೆ ಉಳಿದದ್ದು ಅಪ್ಪನಿಂದ ಬಂದ ಇನ್ನೊಂದು ವಿದ್ಯೆ: ಭಿನ್ನವಾದ ಮೂರ್ತಿಗಳನ್ನು ಕೂಡಿಸುವುದು. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಯಾವ ದೇವಸ್ಥಾನದಲ್ಲಿ ಮೂಗು ಮುಕ್ಕಾದರೂ ಬೆರಳು ಮುರಿದರೂ ಕರೆ ಬರುವುದು ಅವನಿಗೇ.

ಆ ಕೆಲಸಕ್ಕೆ ಅವರ ಮನೆತನದಲ್ಲಿ ಕಟ್ಟುನಿಟ್ಟಿನ ಪದ್ಧತಿಯಿತ್ತು. ಮುರಿದದ್ದನ್ನು ಮುರಿದ ಹಾಗೆಯೇ ಮಣೆಯ ಮೇಲೆ ಬಿಟ್ಟು ಏಳುವಂತಿಲ್ಲ. ಕೂಡಿಸಿದ ಮೇಲೆ ಎಲ್ಲಿ ಕೂಡಿಸಿದೆ ಎಂದು ಯಾರಿಗೂ ಹೇಳುವಂತಿಲ್ಲ. ಪೂಜೆಯ ಭಟ್ಟರಿಗೂ ಇಲ್ಲ, ಕಟ್ಟಿಕೊಂಡ ಹೆಂಡತಿಗೂ ಇಲ್ಲ. ಒಮ್ಮೆ ಗೊತ್ತಾಯಿತೋ, ಕೈಮುಗಿದವರ ಕಣ್ಣು ದೇವರ ಮುಖ ಬಿಟ್ಟು ಆ ಬಿರುಕನ್ನೇ ಹುಡುಕುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಬಾಯಿಬಿಟ್ಟವನ ಕೈ ಮತ್ತೆ ಮೂರ್ತಿಯನ್ನು ಮುಟ್ಟಬಾರದು. ಇದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಆದರೆ ಮೂರು ತಲೆಮಾರಿನಲ್ಲಿ ಯಾರೂ ಮೀರಿರಲಿಲ್ಲ, ದೇವಸ್ಥಾನದವರು ನಂಬಿ ಮೂರ್ತಿಯನ್ನು ಅವರ ಕೈಗೆ ಒಪ್ಪಿಸುತ್ತಿದ್ದದ್ದೂ ಅದಕ್ಕೇ.

ಇಂಥವನ ಜಗುಲಿಗೆ ಸಾವಿರದ ಒಂಬೈನೂರ ತೊಂಬತ್ತೇಳರ ನವೆಂಬರಿನಲ್ಲಿ ವೇದಾ ಬಂದಳು, ನಾಲ್ಕು ತಗಡಿನ ಪೆಟ್ಟಿಗೆಗಳನ್ನು ಹೊರಿಸಿಕೊಂಡು. ಮಂಚಿಕೇರಿಯ ಹುಡುಗಿ. ಅವಳು ಫ್ರಾಕು ಹಾಕುತ್ತಿದ್ದ ಕಾಲದಲ್ಲಿ ಅವರ ಮನೆದೇವರ ಕೈಯನ್ನು ನಾಗಪತಿಯೇ ಕೂಡಿಸಿಕೊಟ್ಟಿದ್ದ. ಈಗ ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ಪಳೆಯುಳಿಕೆಗಳನ್ನು ಅಭ್ಯಾಸ ಮಾಡುತ್ತಿದ್ದಳು. ಪೆಟ್ಟಿಗೆ ತೆರೆದರೆ ಒಳಗೆ ಹತ್ತಿಯಲ್ಲಿ ಸುತ್ತಿದ ಕೆಂಪು ಕಲ್ಲುಗಳು.

"ಎಂತ ತಂಗಿ ಇದು? ಮಣ್ಣುಹೆಂಟೆ ಹೊತ್ಕಂಡು ಅಷ್ಟು ದೂರದಿಂದ ಬಂದ್ಯಾ? ನಮ್ಮಲ್ಲಿ ಮಣ್ಣಿಗೇನು ಬರ ಬಂದಿತ್ತಾ?"

"ಒಳಗೆ ಎಲುಬಿದೆ ನಾಗಪತಣ್ಣ. ಗೋದಾವರಿ ಕಡೆಯದು. ಇಪ್ಪತ್ತೆರಡು ಕೋಟಿ ವರ್ಷದ ಹಿಂದಿನದು."

ನಾಗಪತಿ ಅವಳ ಮುಖ ನೋಡಿದ. ಸುಳ್ಳು ಹೇಳುವ ಮುಖವಲ್ಲ. "ಹಾಗಾದ್ರೆ ನಮ್ಮ ಮಾಗೋಡಿನ ಬಂಡೆ ಒಡೆದ್ರೂ ಸಿಕ್ಕೀತು."

"ಇಲ್ಲ, ಅದು ಇನ್ನೂ ಹಳೇದು. ಆ ಕಲ್ಲು ಆಗೋ ಕಾಲಕ್ಕೆ ಲೋಕದಲ್ಲಿ ಎಲುಬು ಅನ್ನೋದೇ ಹುಟ್ಟಿರಲಿಲ್ಲ."

ಈ ಮಾತು ಅವನಿಗೆ ಬಹಳ ಹಿಡಿಸಿತು. ಎಲುಬಿಗಿಂತ ಹಿರಿಯರಾದ ಕಲ್ಲುಗಳ ಮೇಲೆ ಕೂತು ತಾವೆಲ್ಲ ಉಂಡು ತೇಗುತ್ತಿದ್ದೇವೆ ಎಂದು ನಾಲ್ಕು ದಿನ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ವೇದಾ ವಿಷಯ ಬಿಡಿಸಿ ಹೇಳಿದಳು. ಹಂದಿಯಷ್ಟು ಗಾತ್ರದ ಪ್ರಾಣಿ. ಬೆನ್ನೆಲುಬಿನ ಜೀವಿಗಳು ನೆಲದ ಮೇಲೆ ಕಾಲೂರಿ ಓಡಾಡಲು ಕಲಿತ ಮೇಲೆ ಮೊದಮೊದಲು ಮೈಗೆ ಕವಚ ತೊಟ್ಟವುಗಳಲ್ಲಿ ಒಂದು. ಬೆನ್ನಿನ ಮೇಲೆ ಸಾಲು ಸಾಲಾಗಿ ಎಲುಬಿನ ಫಲಕಗಳು. ಅವಳಿಗೆ ಸಿಕ್ಕಿದ್ದು ಹದಿನಾಲ್ಕು. ಸಂಸ್ಥೆಯಲ್ಲಿ ಯಂತ್ರದಿಂದ ಕಲ್ಲು ಬಿಡಿಸಹೋಗಿ ಎರಡು ಪುಡಿಯಾದವು. ಉಳಿದ ಹನ್ನೆರಡನ್ನು ಕೈಯಿಂದಲೇ ಬಿಡಿಸಬೇಕು, ಅಂಥ ಕೈ ತನಗೆ ಗೊತ್ತಿದೆ ಎಂದು ಅವಳು ತನ್ನ ಮೇಲಿನವರಾದ ಪ್ರೊಫೆಸರ್ ಚಂದ್ರಶೇಖರಪ್ಪನವರಿಗೆ ಹೇಳಿ, ಅವರ ಸಹಿ ಹಾಕಿಸಿಕೊಂಡು ಬಂದಿದ್ದಳು.

ಮರುದಿನವೇ ಕೆಲಸ ಶುರುವಾಯಿತು. ಗಂಧದ ಉಳಿಗಳನ್ನು ನಾಗಪತಿ ಮುಟ್ಟಲಿಲ್ಲ. ಗೋಣಿ ಹೊಲಿಯುವ ದಬ್ಬಣವನ್ನು ತೇಯ್ದು ಆರು ಬಗೆಯ ಮೊನೆ ಮಾಡಿಕೊಂಡ. ಕಲ್ಲನ್ನು ಕೆತ್ತುವುದಲ್ಲ, ಎಲುಬಿನ ಮೈಯಿಂದ ಅದನ್ನು ಒಪ್ಪಿಸಿ ಇಳಿಸುವುದು ಎನ್ನುತ್ತಿದ್ದ. ವಾರವೊಂದಕ್ಕೆ ಅಂಗೈಯಗಲದ ಒಂದು ಫಲಕ ಹೊರಗೆ ಬರುತ್ತಿತ್ತು. ಅವನ ಬಾಯಲ್ಲಿ ಅದು ಬಿಲ್ಲೆ. ಪ್ರತಿ ಬಿಲ್ಲೆಯ ನಡುವೆ ಒಂದು ಉಬ್ಬು, ಉಬ್ಬಿನಿಂದ ಅಂಚಿನ ಕಡೆಗೆ ಹರಡಿದ ಸಣ್ಣ ಕುಳಿಗಳು. ಮೂರು ಬಿಲ್ಲೆ ಬಿಡಿಸುವಷ್ಟರಲ್ಲಿ ಅವನಿಗೆ ಎಡ ಯಾವುದು ಬಲ ಯಾವುದು ಗೊತ್ತಾಯಿತು. "ಈ ಬದಿ ನೋಡು, ಒಂದು ಬೆರಳಗಲ ನುಣುಪು. ಮುಂದಿನ ಬಿಲ್ಲೆ ಇದರ ಮೇಲೆ ಕೂರ್ತಿತ್ತು. ಹಂಚಿನ ಹಾಗೆ" ಎಂದ. ವೇದಾ ಹೌದೌದೆಂದು ತಲೆಯಾಡಿಸಿ ಬರೆದುಕೊಂಡಳು.

ಅವಳ ಕೆಲಸ ಬರೆಯುವುದು. ಒಂದೊಂದು ಬಿಲ್ಲೆಗೂ ಪುಟಗಟ್ಟಲೆ. ಉದ್ದ, ಅಗಲ, ಅಂಚು ಎಲ್ಲಿ ದಪ್ಪ, ಉಬ್ಬು ನಡುವಿನಿಂದ ಎಷ್ಟು ಹಿಂದಕ್ಕೆ, ಕುಳಿ ಎಷ್ಟು ಆಳ. ಒಂದು ದಿನ ನಾಗಪತಿ ತಡೆಯಲಾರದೆ ಕೇಳಿದ:

"ಕಣ್ಣೆದುರಿಗೆ ಇದ್ಯಲ್ಲ ಮಾರಾಯ್ತಿ. ಇದನ್ನು ಇಷ್ಟು ಬರೆದು ಎಂತ ಆಗ್ತದೆ?"

"ಬರೆದು ಅಚ್ಚಾಗೋವರೆಗೆ ಇದು ಇಲ್ಲ ಅಂತಲೇ ಲೆಕ್ಕ ನಾಗಪತಣ್ಣ. ಹೇಗಿದೆಯೋ ಹಾಗೆ ಬರೆದ ಮೇಲೆ ಒಂದು ಹೆಸರು ಸಿಕ್ತದೆ. ಆಮೇಲೆ ಲೋಕದಲ್ಲಿ ಯಾರಿಗೆ ಇಂಥದ್ದು ಸಿಕ್ಕಿದ್ರೂ ನನ್ನ ಬರಹ ತೆಗೆದು ಪಕ್ಕಕ್ಕೆ ಇಟ್ಟು ನೋಡ್ತಾರೆ. ನೂರು ವರ್ಷ ಆದ್ಮೇಲೂ."

ನೂರು ವರ್ಷ ಎಂದದ್ದು ನಾಗಪತಿಗೆ ನಾಟಿತು. ದೇವರ ಕೆಲಸಕ್ಕೂ ಅವನು ಅಷ್ಟೇ ಆಯುಷ್ಯ ಹಿಡಿದಿದ್ದ.

ಎಂಟು ಬಿಲ್ಲೆ ಮುಗಿದಾಗ ಮಂಚಿಕೇರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ವೇದಾ ಹತ್ತು ದಿನ ಹೋದಳು. ಒಂಬತ್ತನೆಯದು ಆಗಿನ್ನೂ ಕಲ್ಲಿನೊಳಗೇ ಇತ್ತು, ಒಂದು ಅಂಚು ಮಾತ್ರ ಕಾಣುತ್ತಿತ್ತು. ನಾಗಪತಿ ಆರು ದಿನ ಕೂತು ಬಿಡಿಸಿದ. ಬಿಡಿಸಿ ನೋಡಿದರೆ ಎಡ ಮೂಲೆಯೇ ಇಲ್ಲ. ಉಬ್ಬು ಅರ್ಧಕ್ಕೆ ಮುರಿದಿದೆ.

ಭಿನ್ನ! ಅವನಿಗೆ ಮೈಯೆಲ್ಲ ಕಸಿವಿಸಿಯಾಯಿತು. ಇಪ್ಪತ್ತೆರಡು ಕೋಟಿ ವರ್ಷ ಮುರಿದುಕೊಂಡೇ ಇದ್ದ ವಸ್ತು ಇನ್ನೊಂದು ವಾರ ಮುರಿದುಕೊಂಡು ಬಿದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಟ್ಟೆ ಮುಚ್ಚಿ ಊಟಕ್ಕೆ ಏಳುತ್ತಿದ್ದರು. ಇವನು ಗುಡಿಗಾರ. ಮುರಿದದ್ದನ್ನು ಬಿಟ್ಟು ಮಣೆಯಿಂದ ಹೇಗೆ ಏಳುವುದು? ಅಗ್ಗಿಷ್ಟಿಕೆಗೆ ಕೆಂಡ ಹಾಕಿಸಿದ. ಅರಗು ಕರಗಿಸಿ, ಅದೇ ಕಲ್ಲಿನ ಪುಡಿಯನ್ನು ಜರಡಿಯಲ್ಲಿ ಇಳಿಸಿ ಕಲಸಿದ. ಮೂಲೆ ಬಂತು, ಉಬ್ಬು ಬಂತು. ಉಳಿದ ಅರ್ಧದ ಓರೆ ನೋಡಿದರೆ ತುದಿ ಹಿಂದಕ್ಕೆ ಬಾಗಿರಲೇಬೇಕು ಎಂದು ಕೈಗೆ ಅನ್ನಿಸಿತು. ಗರುಡನ ಕೊಕ್ಕು ಕೆತ್ತಿ ಕೆತ್ತಿ ಪಳಗಿದ ಕೈ. ಅದಕ್ಕೆ ಬಾಗು ಎಂದರೆ ಒಂದೇ ಬಾಗು ಗೊತ್ತು. ಬೆರಳುದ್ದದ ಕೊಕ್ಕೆ ಮೂಡಿತು. ಅದರ ಬುಡದಿಂದ ಕುಳಿಗಳನ್ನು ಸೂಜಿಯಲ್ಲಿ ಒಂದೊಂದಾಗಿ ಇಳಿಸಿದ. ಸಂಜೆ ತಾನೇ ಬೆರಳಾಡಿಸಿ ನೋಡಿದಾಗ ಎಲುಬು ಎಲ್ಲಿ ಮುಗಿಯಿತು, ಅರಗು ಎಲ್ಲಿ ಶುರುವಾಯಿತು, ಅವನಿಗೂ ಗೊತ್ತಾಗಲಿಲ್ಲ. ಆ ಹೊತ್ತು ಅವನಿಗಾದ ಸಂತೋಷ ಗಂಧದ ಗಣಪತಿಗಳಿಂದಲೂ ಆಗಿರಲಿಲ್ಲ.

ವೇದಾ ಬಂದವಳೇ ಒಂಬತ್ತನೆಯದನ್ನು ಕೈಗೆತ್ತಿಕೊಂಡಳು. ಅವಳ ಕಣ್ಣು ಅರಳಿತು. "ಅಯ್ಯೋ ನಾಗಪತಣ್ಣ, ಎಂಥಾ ಕೆಲಸ ಮಾಡಿಟ್ಟಿದ್ದೀರಿ!" ಎಂದಳು.

ನಾಗಪತಿ ನಕ್ಕು ಸುಮ್ಮನಾದ. ಅವಳಿಗೆ ಗೊತ್ತಾಗಿದೆ ಎಂದೇ ಅವನು ತಿಳಿದ. ಮುರಿದಿತ್ತೇ, ಎಲ್ಲಿ ಮುರಿದಿತ್ತು ಎಂದು ಅವಳು ಕೇಳದಿದ್ದದ್ದು ಅವನಿಗೆ ಇನ್ನೂ ಮೆಚ್ಚಿಗೆಯಾಯಿತು. ಮನೆದೇವರ ಕೈ ಕೂಡಿಸಿಕೊಂಡ ಮನೆಯ ಹುಡುಗಿ, ಕೇಳಬಾರದ್ದು ತಿಳಿದವಳು ಎಂದುಕೊಂಡ. ಅವಳೋ, ಅಂಥ ನಾಜೂಕಿನ ಕೊಕ್ಕೆಯನ್ನು ಮುರಿಯದೆ ಕಲ್ಲಿನಿಂದ ಹೊರತೆಗೆದನಲ್ಲ ಎಂದು ಮೆಚ್ಚಿದ್ದಳು.

ಹನ್ನೆರಡೂ ಮುಗಿದವು. ಪೆಟ್ಟಿಗೆಗಳು ಹೈದರಾಬಾದಿಗೆ ಹೋದವು. ತೊಂಬತ್ತೊಂಬತ್ತರ ದಸರೆಯ ಹೊತ್ತಿಗೆ ವೇದಾ ಮತ್ತೆ ಬಂದಳು, ಚಿತ್ರಗಳ ಸುರುಳಿ ಹಿಡಿದುಕೊಂಡು. ಪ್ರಬಂಧ ಒಪ್ಪಿಗೆಯಾಗಿತ್ತು, ಇನ್ನು ಮೂರು ವಾರಕ್ಕೆ ಅಚ್ಚಿಗೆ ಹೋಗುವುದಿತ್ತು. ಬಿಲ್ಲೆಗಳ ಎಡಬಲ ಚಿತ್ರದಲ್ಲಿ ಸರಿಯಾಗಿದೆಯೇ ಎಂದು ನಾಗಪತಿ ಒಮ್ಮೆ ನೋಡಲಿ ಎಂದು ಅವಳ ಆಸೆ. ತಾಳೆ ನೋಡಲು ಒಂಬತ್ತನೆಯದನ್ನೂ ತಂದಿದ್ದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು.

"ಹೆಸರು ಎಂತ ಇಟ್ಟೆ?" ಎಂದ ನಾಗಪತಿ.

"ಲ್ಯಾಟಿನ್ ಹೆಸರು. ಕೊಕ್ಕೆಬೆನ್ನಿನದು ಅಂತ ಅರ್ಥ. ಇಂಥಾ ಕೊಕ್ಕೆ ಈ ಜಾತಿಯ ಬೇರೆ ಯಾವ ಪ್ರಾಣಿಗೂ ಇಲ್ಲ ನಾಗಪತಣ್ಣ. ಒಂಬತ್ತನೆಯದು ಸಿಗದೆ ಇದ್ದಿದ್ರೆ ಇದು ಹೊಸ ಪ್ರಾಣಿ ಅಂತ ಹೇಳಲಿಕ್ಕೆ ನಮಗೆ ಧೈರ್ಯವೇ ಬರ್ತಿರಲಿಲ್ಲ."

ನಾಗಪತಿಯ ಕೈಯಲ್ಲಿದ್ದ ಚಿತ್ರ ಕೆಳಗೆ ಬಿತ್ತು. ಏನೋ ನೆಪ ಹೇಳಿ ಅವಳನ್ನು ಕಳಿಸಿದ. ಒಂಬತ್ತನೆಯ ಬಿಲ್ಲೆ ಅವನ ಮಣೆಯ ಮೇಲೇ ಉಳಿಯಿತು.

ಎರಡು ದಿನ ಅವನು ಯಾರನ್ನೂ ಬೈಯಲಿಲ್ಲ. ಕೇರಿಯವರಿಗೆ ಗಾಬರಿಯಾಯಿತು. ಹೆಂಡತಿ ದುರ್ಗಿ ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟ. ಅವಳು ಕೇಳಿ ನಿಧಾನಕ್ಕೆ ಹೇಳಿದಳು:

"ಸೋಮವಾರದಿಂದ ಕೋಲಸಿರ್ಸಿ ದೇವರ ಕೆಲಸ ಒಪ್ಕಂಡಿದೀರಿ. ಈ ವರ್ಷಕ್ಕೆ ಇರೋದು ಅದೊಂದೇ. ನಂಗೆ ಹೇಳಿದ್ದು ನನ್ನಲ್ಲೇ ಇರ್ತದೆ. ಹೊರಗೆ ಹೇಳಿದ್ರೆ ಅದೂ ಇಲ್ಲ, ಮುಂದಿನದೂ ಇಲ್ಲ. ಆ ಪ್ರಾಣಿ ಎಂತ ಎದ್ದು ಬಂದು, ನಂಗೆ ಕೊಕ್ಕೆ ಇರಲಿಲ್ಲ ಅಂತ ಜಗಳ ತೆಗೀತದಾ?"

"ಅದು ತೆಗೆಯೂದಿಲ್ಲ ಅಂತಲೇ ನಾ ತೆಗೀಬೇಕು."

"ಹೇಳಬೇಡಿ ಅಂದವರು ನಿಮ್ಮ ಅಪ್ಪ."

"ಅಪ್ಪ ಹೇಳಿದ್ದು ದೇವರಿಗೆ. ದೇವರಿಗೆ ಕೈಮುಗೀತಾರೆ, ಅಳೆಯೂದಿಲ್ಲ. ಇದನ್ನ ಅಳೀತಾರೆ ದುರ್ಗಿ. ನೂರು ವರ್ಷ ಅಳೀತಾರೆ. ಎಲ್ಲಾ ಅಳೆದು ನನ್ನ ಅರಗನ್ನ ಪ್ರಾಣಿ ಅಂತಾರೆ."

"ಹಾಗಾದ್ರೆ ಇದು ದೇವರಲ್ಲ ಅಂತ ಇಟ್ಕಳಿ. ಹೇಳಿಯೂ ಹೇಳಿ, ಕೋಲಸಿರ್ಸಿಗೂ ಹೋಗಿ."

ದುರ್ಗಿ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ನಾಗಪತಿಗೆ ಅರ್ಧ ಪದ್ಧತಿ ಆಗದು. ಕೈ ಒಂದೇ, ಬಾಯಿ ಒಂದೇ ಎಂದ. ಮರುದಿನ ಬೆಳಿಗ್ಗೆ ಸಿದ್ದಾಪುರದ ಬಸ್ಸು ಹತ್ತಿ ಕೋಲಸಿರ್ಸಿಗೆ ಹೋದ. ದೇವಸ್ಥಾನದ ಉಸ್ತುವಾರಿ ನೋಡುವ ಚನ್ನಯ್ಯ ಗದ್ದೆಯ ಅಂಚಿನಲ್ಲಿ ನಿಂತಿದ್ದರು. ನಾಗಪತಿ ಸುತ್ತು ಬಳಸದೆ ಹೇಳಿದ: ತಾನು ಒಂದು ಕಡೆ ಕೂಡಿಸಿದ್ದನ್ನು ನಾಲ್ಕು ಜನರೆದುರು ಹೇಳುವವನಿದ್ದೇನೆ, ಹಾಗಾಗಿ ಇನ್ನು ಮೂರ್ತಿ ಮುಟ್ಟುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ.

ಚನ್ನಯ್ಯ ಅಂಚಿನಿಂದ ದಾರಿಗೆ ಹತ್ತಿ ಬಂದರು. "ನಿಮ್ಮಪ್ಪ ಇದ್ದಿದ್ರೆ ಎಂತ ಅಂತಿದ್ರು?" ಎಂದು ಕೇಳಿದರು.

"ಬೈತಿದ್ರು. ನಾನೂ ತಿರುಗಿ ಬೈತಿದ್ದೆ" ಎಂದು ನಾಗಪತಿ ಕೈಮುಗಿದು ಬಸ್‌ಸ್ಟ್ಯಾಂಡಿಗೆ ನಡೆದ. ಬಸ್ಸಿನಲ್ಲಿ ಕೂತಾಗ ಮಾತ್ರ ಅವನಿಗೆ ಕಣ್ಣು ತುಂಬಿತು. ನಲವತ್ತು ವರ್ಷದ ಕೆಲಸ ಗದ್ದೆಯ ಅಂಚಿನಲ್ಲಿ ನಾಲ್ಕು ಮಾತಿಗೆ ಮುಗಿದುಹೋಗಿತ್ತು.

ಅದೇ ಮಧ್ಯಾಹ್ನ ವೇದಾಳನ್ನು ಕರೆಸಿ ಹೇಳಿದ. ಅವಳು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ತಿರುಗಿಸಿ ನೋಡಿದಳು. ಏನೂ ಕಾಣಲಿಲ್ಲ. ಕಣ್ಣಿಗೆ ಕಾಣದಿದ್ದರೂ ಅವಳು ಅವನ ಮಾತನ್ನು ನಂಬಿದಳು. ಗೋಡೆಗೆ ಒರಗಿ ಕೂತು ಮುಖ ಮುಚ್ಚಿಕೊಂಡಳು.

"ನಾಗಪತಣ್ಣ, ಸುಳ್ಳು ಹೇಳೂದಿಲ್ಲ. ಒಂದು ಗಳಿಗೆ, ನೀವು ಇದನ್ನ ನಂಗೆ ಹೇಳಲೇಬಾರದಿತ್ತು ಅನ್ನಿಸ್ತು."

"ನಂಗೂ ಎರಡು ದಿನ ಹಾಗೇ ಅನ್ನಿಸಿತ್ತು."

ಅವಳು ಎದ್ದು ಬೂತಿಗೆ ಹೋಗಿ ಚಂದ್ರಶೇಖರಪ್ಪನವರಿಗೆ ಫೋನು ಮಾಡಿದಳು. ಅವರು ಹಾವೇರಿ ಕಡೆಯವರು, ದಸರೆಗೆಂದು ಊರಿಗೆ ಬಂದಿದ್ದರು. ಮರುದಿನ ಹನ್ನೊಂದಕ್ಕೆಲ್ಲ ಅವರ ಕಾರು ಕೇರಿಯೊಳಗೆ ಬಂದು ನಿಂತಿತು.

ಕೆಟ್ಟ ಮನುಷ್ಯರೇನಲ್ಲ. ಮೂವತ್ತು ವರ್ಷ ಬಿಸಿಲಲ್ಲಿ ಕಲ್ಲು ಒಡೆದವರು, ಮಾರ್ಚಿಗೆ ನಿವೃತ್ತಿ. ಇದನ್ನು ಲೋಕಕ್ಕೆ ತೋರಿಸಿದವರು ಇವರು ಎಂದು ಹೇಳುವಂಥ ಒಂದು ಪ್ರಾಣಿಯೂ ಅವರ ಹೆಸರಿನಲ್ಲಿರಲಿಲ್ಲ. ಈಗ ಒಂದು ಸಿಕ್ಕಿತ್ತು. ಜಗುಲಿಯಲ್ಲಿ ಕೂತು ಬಿಲ್ಲೆಯನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ನೋಡಿದರು. ಆಮೇಲೆ ನಕ್ಕರು.

"ಏನ್ರೀ ಗುಡಿಗಾರರ, ಚಲೋ ಹೆದರಿಸಿದ್ರಿ. ಇದು ಕೈಲೆ ಮಾಡಿದ್ದಲ್ರೀ. ಕೈಲೆ ಇಷ್ಟು ಛಂದ ಆಗೂದುಲ್ಲ."

"ಆಗ್ತದೆ. ನಾನೇ ಮಾಡಿದ್ದು."

"ನೀವು ಮೂಲಿ ಒಂದೀಟು ಹಚ್ಚಿರಬಹುದು. ಕೊಕ್ಕಿ ಅಸಲೀನ ಐತಿ. ಈ ಕುಳಿ ನೋಡ್ರಿ, ಒಂದೊಂದೂ ಹೆಂಗ ಅಂಚಿನ ಕಡೆ ತಿರುಗ್ಯಾವು! ಇದು ನಿಸರ್ಗದ ಕೆಲಸ. ಬಡಿಗನ ಕೆಲಸ ಅಲ್ಲ."

ನಾಗಪತಿಗೆ ಸಿಟ್ಟು ನೆತ್ತಿಗೇರಿತು. ತಪ್ಪು ಮಾಡಿದ್ದೇನೆಂದು ಬೈದಿದ್ದರೆ ತಲೆ ತಗ್ಗಿಸುತ್ತಿದ್ದ. ಬೈಯಲು ಬೇಕಾದಷ್ಟಿತ್ತು. ಆದರೆ ಈ ಮನುಷ್ಯ ಬೈಯುವುದನ್ನು ಬಿಟ್ಟು ಅವನ ಬಾಯಿ ಸುಳ್ಳು, ಕೈ ಚಿಕ್ಕದು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು. ಕೋಲಸಿರ್ಸಿಯ ದೇವರನ್ನು ಬಿಟ್ಟುಕೊಟ್ಟು ಬಂದದ್ದು ಈ ಮಾತು ಕೇಳಲಿಕ್ಕೆ!

"ಸರ್, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದಳು ವೇದಾ.

"ಇರೂದ ಒಂದು ಕೊಕ್ಕಿ. ಅದನ್ನ ಕೊರಿಯಾಕ ಬಿಡೂದುಲ್ಲ. ಈಗ ಪ್ರಬಂಧ ಹಿಂದಕ್ಕ ತಗೊಂಡ್ರ ಇನ್ನ ಎರಡು ವರ್ಷ ಯಾರೂ ನಮ್ಮ ಕಡೆ ತಿರುಗಿ ನೋಡೂದುಲ್ಲ. ನಿನಗ ವಯಸ್ಸೈತಿ ತಂಗಿ. ನನಗಿಲ್ಲ." ಅವರು ನಾಗಪತಿಯ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ನಿಮ್ಮ ಹೆಸರೂ ಪ್ರಬಂಧದಾಗ ಹಾಕ್ತೀವ್ರಿ. ಕೊನಿಗೆ, ಧನ್ಯವಾದ ಅಂತ. ಲೋಕಕ್ಕೆಲ್ಲಾ ಹೋಗ್ತದ ಅದು."

"ನನ್ನ ಹೆಸರು ಹಾಕೂದಾದ್ರೆ ಸರಿಯಾದ ಜಾಗದಲ್ಲಿ ಹಾಕಿ" ಎಂದ ನಾಗಪತಿ. "ಕೊಕ್ಕೆ: ನಾಗಪತಿ ಗುಡಿಗಾರ, ಶಿರಸಿ. ಪ್ರಾಣಿಯದ್ದಲ್ಲ. ಹಾಗೆ ಬರೀತೀರಾ?"

ಚಂದ್ರಶೇಖರಪ್ಪನವರು ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಲು ಹೊರಟರು. ನಾಗಪತಿ ಎದ್ದು ಅಗ್ಗಿಷ್ಟಿಕೆಯನ್ನು ಎಳೆದು ನಡುವೆ ಇಟ್ಟ, ಕೆಂಡ ಊದಿದ, ಅರಗು ಕಾಯಿಸುವ ಕಬ್ಬಿಣದ ಕಡ್ಡಿಯನ್ನು ಅದರೊಳಗೆ ತೂರಿಸಿದ.

"ಅರಗಿಗೆ ಬಿಸಿ ತಾಗಿದ್ರೆ ಕರಗ್ತದೆ. ಎಲುಬು ಕರಗೂದಿಲ್ಲ. ಇದಕ್ಕೆ ಹೈದರಾಬಾದಿನ ಪರೀಕ್ಷೆ ಬೇಡ. ಈ ಕಡೆ ಕೊಡಿ ಅದನ್ನ."

"ಮುಟ್ಟಬ್ಯಾಡ್ರಿ!" ಪ್ರೊಫೆಸರು ಬಿಲ್ಲೆಯನ್ನು ಎದೆಗೆ ಒತ್ತಿಕೊಂಡರು. "ಇದು ಸಂಸ್ಥೆಯ ಸ್ವತ್ತು. ಹಾಳಾತಂದ್ರ ಪೊಲೀಸ್ ಕೇಸ್ ಹಾಕ್ತೀನಿ. ಜೇಲಿಗೆ ಹೋಗ್ತೀರಿ."

"ಹೋಗ್ತೆ. ಅಲ್ಲಿ ಮರಗೆಲಸ ಕಲಿಸ್ತಾರಂತೆ. ಬಡಿಗ ಅಂತ ಆಗಲೇ ಹೇಳಿದ್ರಲ್ಲ, ಅದನ್ನೂ ಕಲ್ತು ಬರ್ತೆ." ನಾಗಪತಿ ಅವರ ಮುಖ ಬಿಟ್ಟು ವೇದಾಳ ಮುಖ ನೋಡಿದ. "ತಂಗಿ, ಸಿಕ್ಕಿದ್ದು ನಿಂಗೆ.  ಎರಡು ವರ್ಷ ಬರೆದವಳು ನೀನು. ನೀ ಬೇಡ ಅಂದ್ರೆ ಕಡ್ಡಿ ಕೆಳಗಿಡ್ತೆ. ನೀ ಹೇಳು."

ವೇದಾ ಹತ್ತಿರ ಹೋಗಿ ಪ್ರೊಫೆಸರರ ಎದುರು ಕೈ ಚಾಚಿದಳು. ಅವರು ಕೊಡಲಿಲ್ಲ. ಅವಳು ಕೈ ಹಿಂದೆ ತೆಗೆಯಲೂ ಇಲ್ಲ. ಕೊನೆಗೆ ಅವರೇ ಸೋತು ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟರು. ಇಟ್ಟ ಮೇಲೂ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಕರಗುವುದಿಲ್ಲ ಎಂಬ ನಂಬಿಕೆ ಅವರಿಗೂ ಅಷ್ಟೇನೂ ಗಟ್ಟಿಯಾಗಿರಲಿಲ್ಲವೋ ಏನೋ.

ವೇದಾ ಅದನ್ನು ಮಣೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದಳು. "ತೆಗೀರಿ ನಾಗಪತಣ್ಣ" ಎಂದಳು.

ಕಡ್ಡಿಯ ತುದಿ ಕೆಂಪಾಗುವ ಮೊದಲೇ ನಾಗಪತಿ ಹೊರತೆಗೆದ. ಎಲುಬಿಗೆ ತಾಗದ ಹಾಗೆ ಕೊಕ್ಕೆಯ ತುದಿಗೆ ಮಾತ್ರ ಮುಟ್ಟಿಸಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಸಣ್ಣಗೆ ಹೊಗೆ ಎದ್ದು ಅರಗಿನ ವಾಸನೆ ಜಗುಲಿಗೆಲ್ಲ ತುಂಬಿತು. ಕೊಕ್ಕೆಯ ಮೊನೆ ಮೇಣದ ಹಾಗೆ ತಲೆ ಬಾಗಿಸಿತು. ಅವನು ಬುಡದ ಸುತ್ತ ಬಿಸಿ ಸೋಕಿಸುತ್ತಾ ಬಂದು ದಬ್ಬಣದ ಮೊನೆಯಿಂದ ಒಂದೇ ಸಲ ಮೀಟಿದ. ಕೊಕ್ಕೆ ಮೂಲೆಯ ಸಮೇತ ಕಳಚಿ ಮಣೆಯ ಮೇಲೆ ಬಿತ್ತು. ಅದರಡಿಯಲ್ಲಿ ಒರಟು ಒರಟಾಗಿ ಮುರಿದ ಹಳೆಯ ಎಲುಬಿನ ಅಂಚು ಕಂಡಿತು.

ಚಂದ್ರಶೇಖರಪ್ಪನವರು ಕೆಳಗೆ ಕೂತರು. ಅವರ ಮುಖ ನೋಡಿ ದುರ್ಗಿ ಒಂದು ಲೋಟ ನೀರು ತಂದಿಟ್ಟಳು. ಅವರು ನೀರು ಮುಟ್ಟಲಿಲ್ಲ. ಬಿದ್ದ ಕೊಕ್ಕೆಯನ್ನು ಎತ್ತಿ ಅಂಗೈಯಲ್ಲಿ ಅತ್ತಿತ್ತ ಹೊರಳಿಸಿ, ತಲೆ ಎತ್ತದೆ ಕೇಳಿದರು:

"ಗುಡಿಗಾರರ, ನಿಮ್ಮ ಕೈ ಸಾಮಾನ್ಯದ್ದಲ್ರಿ. ಒಪ್ಪಿದೆ. ಇದನ್ನ ಮತ್ತ ಕೂಡಿಸಾಕ ಎಷ್ಟೊತ್ತು ಬೇಕ್ರಿ?"

ವೇದಾ ದಡಕ್ಕನೆ ಎದ್ದುನಿಂತಳು. "ಆನು ಇದಕ್ಕೆ ಸೈ ಹಾಕ್ತ್ನಿಲ್ಲೆ!" ಎಂದು ಕೂಗಿದಳು. ಸಿಟ್ಟಿನಲ್ಲಿ ಅವಳ ಬಾಯಿಗೆ ಮನೆಮಾತೇ ಬಂದಿತ್ತು. ಪ್ರೊಫೆಸರರಿಗೆ ಆ ಮಾತು ಗೊತ್ತಿಲ್ಲದಿದ್ದರೂ, ಸಹಿ ಹಾಕುವುದಿಲ್ಲ ಎನ್ನುತ್ತಿದ್ದಾಳೆಂದು ಅರ್ಥವಾಗದೆ ಇರಲಿಲ್ಲ.

ನಾಗಪತಿ ಅವರ ಅಂಗೈಯಿಂದ ಕೊಕ್ಕೆಯನ್ನು ತೆಗೆದುಕೊಂಡ. ಬಾಗಿದ ಮೊನೆಯಲ್ಲೂ ಅದು ಚೆಂದವೇ ಇತ್ತು. ತನ್ನ ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯದನ್ನು ಮಾಡಿಲ್ಲ, ಇನ್ನು ಮಾಡುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು.

"ಎರಡು ತಾಸು ಸಾಕು" ಎಂದ. "ಯಾರಪ್ಪನಿಗೂ ಗೊತ್ತಾಗದ ಹಾಗೆ ಕೂಡಿಸ್ತೆ. ನನ್ನ ಬಿಟ್ರೆ ಈ ಸೀಮೆಯಲ್ಲಿ ಇನ್ನೊಬ್ಬನ ಕೈಯಲ್ಲಿ ಅದು ಆಗೂದಿಲ್ಲ."

ಎಂದವನೇ ಅದನ್ನು ಅಂಗಳದ ಕಲ್ಲಿನ ಮೇಲಿಟ್ಟು ಕೊಡತಿಯಿಂದ ಕುಟ್ಟಿದ. ಒಂದು ಪೆಟ್ಟಿಗೆ ಎರಡಾಯಿತು. ಅಷ್ಟಕ್ಕೇ ಬಿಡಲಿಲ್ಲ. ಯಾರೂ ಆರಿಸಿ ಜೋಡಿಸಲಾರದ ಹಾಗೆ ಪುಡಿಯಾಗುವ ತನಕ ಕುಟ್ಟಿ, ಬಾಯಿಂದ ಊದಿಬಿಟ್ಟ.

ಕಾರು ತಿರುಗಿ ಹಾವೇರಿಯ ದಾರಿ ಹಿಡಿಯಿತು. ಹೋಗುವಾಗ ಚಂದ್ರಶೇಖರಪ್ಪನವರು ಕೇಸಿನ ಮಾತೆತ್ತಲಿಲ್ಲ, ಪ್ರಬಂಧದಲ್ಲಿ ತನ್ನ ಹೆಸರು ಬೇಡವೆಂದಷ್ಟೇ ವೇದಾಳಿಗೆ ಹೇಳಿದರು. ವೇದಾ ಅವರನ್ನು ಕಾರಿನ ತನಕ ಕಳಿಸಿ ಬಂದಳು. ಹೆಸರಿದ್ದ ಮೊದಲ ಹಾಳೆಯ ಮೇಲೆ ಅಡ್ಡಗೆರೆ ಎಳೆದಳು. ಹೊಸ ಪ್ರಾಣಿಯೋ, ಲೋಕಕ್ಕೆ ಮೊದಲೇ ಗೊತ್ತಿದ್ದದ್ದೋ, ಈಗ ಅವಳಿಗೂ ಹೇಳಲಾಗದು. ಮತ್ತೆ ಗೋದಾವರಿಗೆ ಹೋಗಬೇಕು, ಮತ್ತೆ ಅಗೆಯಬೇಕು. ಖಾಲಿ ಹಾಳೆ ತೆಗೆದುಕೊಂಡು ನಾಗಪತಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಒಂಬತ್ತನೆಯದು. ನೀವು ಹೇಳಿ ನಾಗಪತಣ್ಣ, ನಾನು ಬರಕೊಳ್ತೆ."

ನಾಗಪತಿ ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದ. ಭಿನ್ನವಾದದ್ದನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿ ಭಿನ್ನವಾಗಿದೆ ಎಂದು ಬಾಯಿಬಿಟ್ಟು ಹೇಳುವುದು ಅವನ ಮನೆತನದಲ್ಲೇ ಮೊದಲು. ಕೇರಿಗೆಲ್ಲ ಕೇಳುವ ಹಾಗೆ ದೊಡ್ಡ ದನಿಯಲ್ಲಿ ಶುರುಮಾಡಿದ:

"ಎಡ ಮೂಲೆ ಇಲ್ಲ. ಬರಕ. ಉಬ್ಬು ಅರ್ಧ ಇದೆ, ಅರ್ಧ ಮುರಿದು ಹೋಗಿದೆ. ಮುರಿದ ಜಾಗ ನಾಲ್ಕು ಬೆರಳಗಲ."

"ಮುರಿದು ಹೋದ ಅರ್ಧ ಹೇಗಿತ್ತು ಅಂತ ಅನ್ನಿಸ್ತದೆ ನಿಮ್ಗೆ?"

"ಅನ್ನಿಸಿದ್ದನ್ನೇ ಹೋದ ವರ್ಷ ಮಾಡಿಟ್ಟಿದ್ದು. ಆ ಅರ್ಧ ಹೇಗಿತ್ತು ಅಂತ ನಂಗೆ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರಿ."